ಖಣಿಯ ನೀರಿನಲ್ಲಿ ಸೀಲ್ ಬೇಟೆ

ನಾವು ಶಹಾಬಾದಿನ ಕಲ್ಲು ಖಣಿಯ ಓಣಿಯಲ್ಲಿ ಬೆಳೆಯುತ್ತಿದ್ದ ಆ ದಿನಗಳಲ್ಲಿ ಬರ್ಫ ಎಂದರೆ ಕಡ್ಡಿಗೆ ಅಂಟಿಸಿ ಬಣ್ಣ ಸುರಿದು ಕೊಡುವ ಗೋಲಾ ಅಷ್ಟೇ. ಸಮುದ್ರವೇ ಬರ್ಫವಾಗುತ್ತದೆ ಎಂದು ಸರ್ ಹೇಳಿದಾಗ ಇಡೀ ಕ್ಲಾಸು ನಕ್ಕಿತ್ತು. ಅವರು ಬಿಡಲಿಲ್ಲ. ಉತ್ತರದ ತುದಿಯ ಒಂದು ದ್ವೀಪದಲ್ಲಿ ಹಿಂದಿನ ಕಾಲದ ಜನ ಹೆಪ್ಪುಗಟ್ಟಿದ ಕಡಲಿನ ಮೇಲೆ ನಡೆದುಹೋಗಿ, ಸೀಲ್ ಎಂಬ ಪ್ರಾಣಿ ಉಸಿರಾಡಲು ಮೂಗು ತೆಗೆಯುವ ತೂತಿನ ಬಳಿ ಈಟಿ ಹಿಡಿದು ಕಾಯುತ್ತಿದ್ದರಂತೆ. ಸಪ್ಪಳವಾದರೆ ಸೀಲ್ ಬರುವುದಿಲ್ಲ. ಸಿಕ್ಕರೆ ಮಾಂಸ ಎಲ್ಲರ ಮನೆಗೂ ಹೋಗುತ್ತದೆ.

ಆ ಬೇಸಿಗೆ ರಜೆಯಲ್ಲಿ ನನಗೂ ಪಕ್ಕದ ಮನೆಯ ರೆಹಾನಾಳಿಗೂ ಅದೇ ಆಟ. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯಲ್ಲಿ ನೀರು ನಿಂತಿತ್ತು. ಮಧ್ಯಾಹ್ನ ಓಣಿಯ ಎಮ್ಮೆಗಳು ಆಗಾಗ ಮೂಗಷ್ಟೇ ಮೇಲೆತ್ತುತ್ತ ಅದರಲ್ಲಿ ಮುಳುಗಿರುತ್ತಿದ್ದವು. ಅವೇ ನಮ್ಮ ಸೀಲ್. ದಂಡೆಯ ಚಪ್ಪಟೆ ಪರಸಿ ಕಲ್ಲು ಹಿಮ, ತೊಗರಿ ಕಟ್ಟಿಗೆ ಈಟಿ. ಚುಚ್ಚುವಂತಿಲ್ಲ, ಉಸಿರು ಬಿಗಿಹಿಡಿದು ಕಾಯಬೇಕು. ಯಾರ ಮುಂದೆ ಮೂಗು ಎದ್ದಿತೋ ಅವರು ಗೆದ್ದಂತೆ. ನಮ್ಮ ಹಿಮ ಮಾತ್ರ ಅಂಗಾಲು ಸುಡುತ್ತಿತ್ತು.

ಒಂದು ಸಂಜೆ ಶಾಂತಮ್ಮತ್ತೆಯ ಗಬ್ಬದ ಎಮ್ಮೆ ನಾಯಿಗೆ ಹೆದರಿ ಖಣಿಯ ಆಳದ ಮೂಲೆಗೆ ಈಜಿಹೋಯಿತು. ಅಲ್ಲಿ ಕಲ್ಲನ್ನು ಗೋಡೆಯಂತೆ ನೆಟ್ಟಗೆ ಕಡಿದಿದ್ದರು, ಹತ್ತಲು ದಾರಿಯಿಲ್ಲ. ಗಂಡನಿಲ್ಲದ ಶಾಂತಮ್ಮತ್ತೆಯ ಮನೆ ಅದೊಂದರ ಹಾಲಿನ ಮೇಲೆ ನಡೆಯುತ್ತಿತ್ತು. ಓಣಿಯ ಗಂಡಸರು ಓಡಿಬಂದು ಹೋ ಎಂದು ಕೂಗಿದರು, ಕಲ್ಲೆಸೆದರು. ಎಮ್ಮೆ ಇನ್ನಷ್ಟು ಗೋಡೆಗೆ ಒತ್ತಿಕೊಂಡಿತು. ಮೂಗು ಮುಳುಗಿ ಮುಳುಗಿ ಏಳುತ್ತಿತ್ತು.

“ಹೊಟ್ಯಾಗ ಕರು ಅದರಿ, ಯಾರರ ಏನರ ಮಾಡ್ರಿ!” ಎಂದು ಶಾಂತಮ್ಮತ್ತೆ ಎದೆ ಬಡಿದುಕೊಂಡಳು.

ರೆಹಾನಾ ಚೀರಿದಳು: “ಕಾಕಾ, ಚುಪ್ ಇರ್ರಿ! ನೀವು ಒದರಲಿಕತ್ತೀರಿ, ಅದು ಅಂಜಲಿಕತ್ತದ.”

“ನೀ ಭಾಳ ಶಾಣ್ಯಾಕಿ ಆಗಿ ಏನು?” ಎಂದ ಒಬ್ಬ.

“ಹುಡುಗಿ ಖರೇ ಹೇಳ್ತದ. ಎಲ್ಲಾರೂ ಕುಂದ್ರಿ,” ಎಂದಳು ಶಾಂತಮ್ಮತ್ತೆ.

ಎಲ್ಲರೂ ಕುಳಿತರು. ಶಾಂತಮ್ಮತ್ತೆ ಒಬ್ಬಳೇ ಇಳಿಜಾರಿನ ಕಡೆ ಮೊಣಕಾಲುದ್ದದ ನೀರಿಗಿಳಿದು, “ಬಾರವ್ವಾ ನನ್ನವ್ವಾ,” ಎಂದು ಮೆಲ್ಲಗೆ ಕರೆಯುತ್ತ ನಿಂತಳು. ನನಗೆ ಅಳು ಉಕ್ಕಿ ಬಂದಿತ್ತು, ಸಪ್ಪಳ ಮಾಡುವಂತಿರಲಿಲ್ಲ. ಬಹಳ ಹೊತ್ತಿನ ಮೇಲೆ ಎಮ್ಮೆ ಮುಖ ತಿರುಗಿಸಿತು. ನಿಧಾನಕ್ಕೆ ಈಜಿ ಬಂದು ಅವಳ ಸೀರೆಗೆ ಮೂಗು ತಾಗಿಸಿ ನಿಂತಿತು.

ಅದೇ ವಾರ ಎಮ್ಮೆ ಕರು ಹಾಕಿತು. ಯಾಲಕ್ಕಿ, ಬೆಲ್ಲ ಹಾಕಿದ ಗಿಣ್ಣ ಮುಚ್ಚಿದ ಬಟ್ಟಲುಗಳಲ್ಲಿ ಮನೆಮನೆಗೆ ಹೋಯಿತು. ಅವ್ವ ಬಟ್ಟಲಿಗೆ ಒಂದು ಹಿಡಿ ಜೋಳ ಹಾಕಿ ಹಿಂದಿರುಗಿಸಿದಳು. ಬಾಯಿ ತುಂಬ ಗಿಣ್ಣ ಇಟ್ಟುಕೊಂಡೇ ರೆಹಾನಾ ಅಂದಳು, “ನೋಡು, ಸೀಲ್ ಹಂಚಲಿಕತ್ತಾರ.”

ಈಗ ಆ ಖಣಿಯನ್ನು ಕಸ ಹಾಕಿ ಮುಚ್ಚಿದ್ದಾರೆ. ಓಣಿಯಲ್ಲಿ ಎಮ್ಮೆಗಳಿಲ್ಲ. ಉತ್ತರದ ಆ ಕಡಲೂ ಮೊದಲಿನಂತೆ ಗಟ್ಟಿಯಾಗುವುದಿಲ್ಲವಂತೆ. ಪೇಪರಿನಲ್ಲಿ ಅದನ್ನು ಓದಿದಾಗ ಕಂಡರಿಯದ ಆ ಬೇಟೆಗಾರರ ಬಗ್ಗೆ ನಮ್ಮವರೆಂಬಂತೆ ಸಂಕಟವಾಯಿತು. ಮೊನ್ನೆ ಅಂಗಡಿಯಿಂದ ಗಿಣ್ಣದ ಡಬ್ಬಿ ತಂದೆ. ಮಗಳು ಚೆನ್ನಾಗಿದೆ ಎಂದು ಪೂರ್ತಿ ತಿಂದಳು. ಯಾರ ಮನೆಯ ಎಮ್ಮೆ ಕರು ಹಾಕಿತು ಎಂದು ಮಾತ್ರ ಕೇಳಲಿಲ್ಲ.