ಗೇರ್‌ಬಾಕ್ಸಿನ ನಾಡಿಪರೀಕ್ಷೆ

ಕಾರಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಲು ಕಾರು ಓಡಿಸಲು ಬರಬೇಕೆಂದೇನೂ ಇಲ್ಲ. ನಾನೇ ಇದಕ್ಕೆ ಸಾಕ್ಷಿ. ಸೈಕಲ್ಲು ಬಿಟ್ಟರೆ ನನಗೆ ಯಾವ ವಾಹನವೂ ಬಾರದು. ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಹೆಂಡತಿ ಸುಮಿತ್ರಾ. ಪಕ್ಕದ ಸೀಟಿನಿಂದ ಸಲಹೆ ಕೊಡುವವನು ನಾನು.

ಸುಮಿತ್ರಾಳ ಎಡಗಾಲು ಚಿಕ್ಕಂದಿನ ಪೋಲಿಯೋದಿಂದ ಸೋತಿದೆ. ಕ್ಲಚ್ ತುಳಿಯುವುದು ಆಗದ ಮಾತು. ಕೆಲಸವೋ ಜೋಯಿಡಾ ದಾರಿಯ ಶಾಲೆಯಲ್ಲಿ. ದಾಂಡೇಲಿಯಿಂದ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಅದರ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು. ಹೀಗಿರುವಾಗ ಕ್ಲಚ್ಚೇ ಇಲ್ಲದ, ಗೇರನ್ನು ತಾನೇ ಬದಲಿಸಿಕೊಳ್ಳುವ ಹಳೆಯ ಕಾರೊಂದು ಸಿಕ್ಕಿತು. ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ನಮ್ಮ ಓಣಿಯಲ್ಲಿ ಅಂಥದ್ದನ್ನು ಕಂಡವರೇ ಇರಲಿಲ್ಲ. ಹಾಯಾಗಿ ವರ್ಷ ಕಳೆಯಿತು. ಚಳಿಗಾಲದಲ್ಲಿ ಚಿಗಳ್ಳಿಯಿಂದ ಬಂದ ನಮ್ಮತ್ತೆ, ಮಗಳ ಪಾದಕ್ಕೆ ತಣ್ಣನೆಯ ತಗಡು ತಾಕಬಾರದೆಂದು, ಹಳೇ ಸೀರೆಗಳನ್ನು ಪದರಪದರವಾಗಿ ಇಟ್ಟು ಪುಟ್ಟ ಕೌದಿಯೊಂದನ್ನು ಹೊಲಿದು ಪೆಡಲುಗಳ ಕೆಳಗೆ ಹಾಸಿಕೊಟ್ಟು ಹೋದರು.

ಅದೇ ವಾರ ಕಾರಿಗೆ ರೋಗ ಬಂತು. ಸಪಾಟು ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಜೋಯಿಡಾದ ಏರಿನಲ್ಲಿ ಮಾತ್ರ ಕೆಳಗಿನ ಗೇರಿಗೆ ಇಳಿಯದೆ ನರಳುತ್ತ ತೆವಳುವುದು. ಮರದ ಲಾರಿ ಓಡಿಸಿ ನಿವೃತ್ತರಾದ ಪಕ್ಕದ ಮನೆಯ ಬಸಣ್ಣ ಬಾನೆಟ್ ಎತ್ತಿ, ಇಳಿಸಿ, ತೀರ್ಪು ಕೊಟ್ಟರು. “ಗೇರ್‌ಬಾಕ್ಸ್ ಹೋಗೈತ್ರೀ. ಇದರ ರಿಪೇರಿ ನಮ್ಮ ಕಡೆ ಆಗೂದಿಲ್ಲ. ಬಂದಷ್ಟಕ್ಕ ಮಾರಿಬಿಡ್ರಿ.”

“ಮತ್ತ ಬಸ್ಸಿಗೆ ಅಡ್ಡಾಡೂದಂದ್ರ ನಾ ನೌಕರಿ ಬಿಡ್ತೇನ್ರೀ” ಎಂದಳು ಸುಮಿತ್ರಾ. ಸಲಹೆಗಳ ಕಣಜವಾದ ನನ್ನಲ್ಲಿ ಆ ಹೊತ್ತಿಗೆ ಒಂದು ಕಾಳೂ ಇರಲಿಲ್ಲ. ನಿಜಕ್ಕೂ ಹೆದರಿದ್ದೆ.

ಹುಬ್ಬಳ್ಳಿಯ ಇಸ್ಮಾಯಿಲ್ ಮೇಸ್ತ್ರಿಗೆ ಇಂಥ ಗಾಡಿಗಳ ಪರಿಚಯವಿದೆಯೆಂದು ತಿಳಿದು ಅಲ್ಲಿಗೆ ಹೋದೆವು. ಅವರು ತಮ್ಮ ಎಣ್ಣೆಗಾಲು ನೋಡಿಕೊಂಡು, ಕೌದಿ ಹೊಲಸಾದೀತೆಂದು ಮಡಚಿ ಹಿಂದಿನ ಸೀಟಿನಲ್ಲಿಟ್ಟು, ಊರಾಚೆಯ ಏರಿನಲ್ಲಿ ಕಾರು ಓಡಿಸಿದರು. ಅದು ಚಿಗರೆಯಂತೆ ಓಡಿತು. ವೈದ್ಯರ ಮುಂದೆ ಕೂತಾಗ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. ಖುಷಿಯಿಂದ ಮರಳಿದೆವು. ಸುಮಿತ್ರಾ ಕೌದಿಯನ್ನು ಮತ್ತೆ ಅದರ ಜಾಗದಲ್ಲಿ ಹಾಸಿದಳು. ಮರುದಿನ ಏರಿನಲ್ಲಿ ಅದೇ ನರಳಾಟ.

ನಮ್ಮ ಆಯುರ್ವೇದದವರು ರೋಗಿಯ ಪರೀಕ್ಷೆಗೆ ಮೂರು ದಾರಿ ಹೇಳಿದ್ದಾರೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡಬೇಕು, ಮುಟ್ಟಬೇಕು, ಕೇಳಬೇಕು. ಓಣಿಯವರೆಲ್ಲ ಮೊದಲಿನ ಎರಡನ್ನು ಧಾರಾಳವಾಗಿ ಮಾಡಿದ್ದರು. ಗೇರ್‌ಬಾಕ್ಸಿಗೆ ಬಾಯಿಲ್ಲವೆಂದು ಮೂರನೆಯದನ್ನು ಯಾರೂ ಮಾಡಿರಲಿಲ್ಲ.

ಎರಡನೆಯ ಸಲ ಹೋದಾಗ ಮೇಸ್ತ್ರಿ ಗೇರ್‌ಬಾಕ್ಸ್ ಬಿಚ್ಚುವ ತಯಾರಿಯಲ್ಲಿಯೇ ಇದ್ದರು. ಸ್ಪ್ಯಾನರ್ ಹಿಡಿದವರು ತಡೆದು ನಿಂತರು. “ಅಲ್ರೀ ಅಕ್ಕಾರ, ನಾ ಹೊಡದ್ರ ಏರ್ತೈತಿ, ನೀವು ಹೊಡದ್ರ ಯಾಕ ಏರೂದಿಲ್ಲ? ಇವತ್ತ ನೀವ ಹೊಡೀರಿ, ನಾ ಬಾಜೂಕ ಕೂಡ್ತೇನಿ.”

ಏರು ಬಂತು, ಕಾರು ನರಳಿತು. “ಪೂರಾ ಒತ್ತರಿ” ಎಂದರು ಮೇಸ್ತ್ರಿ. “ಪೂರಾನ ಒತ್ತೇನ್ರಿ” ಎಂದಳು ಸುಮಿತ್ರಾ. ಮೇಸ್ತ್ರಿ ಬಗ್ಗಿ ಅವಳ ಪಾದದ ಕಡೆ ನೋಡಿದರು. ಗಾಡಿ ನಿಲ್ಲಿಸಲು ಹೇಳಿ ಕೌದಿ ಎಳೆದುಕೊಂಡರು. ಆಕ್ಸಿಲರೇಟರ್ ಪೆಡಲನ್ನು ನೆಲದವರೆಗೆ ತುಳಿದರೆ ಮಾತ್ರ ಈ ಗೇರು ಒಂದು ಮೆಟ್ಟಿಲು ಕೆಳಗಿಳಿದು ಬಲ ಕೊಡುವುದಂತೆ. ನಮ್ಮತ್ತೆಯ ಆರು ಸೀರೆಗಳು ಪೆಡಲನ್ನು ನೆಲ ಮುಟ್ಟಗೊಟ್ಟಿರಲಿಲ್ಲ. ಸುಮಿತ್ರಾ ಮತ್ತೊಮ್ಮೆ ಒತ್ತಿದಳು. ಕಾರು ಗುರ್ರೆಂದು ಏರಿತು. ಅವಳು ನಗುತ್ತಲೇ ಅತ್ತಳು. ಹಿಂದಿನ ಸೀಟಿನಲ್ಲಿದ್ದ ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ಖುಷಿಯಲ್ಲಿ, ಅಭ್ಯಾಸಬಲದಿಂದ, “ಸಾವಕಾಶ, ಸಾವಕಾಶ” ಎಂದೆ.

ಉಳಿದದ್ದು ಅತ್ತೆಗೆ ಹೇಳುವ ಕೆಲಸ. ಅವರು ನೊಂದುಕೊಂಡಾರೆಂದು ನಾವಿಬ್ಬರೂ ಕೌದಿ ಹಿಡಿದು ಚಿಗಳ್ಳಿಗೆ ಹೋಗಿ ಅಂಜಿ ಅಂಜಿ ಹೇಳಿದೆವು. ಮುದುಕಿ ಕೌದಿಯನ್ನು ತಿರುವಿ ಮುರುವಿ ನೋಡಿ, “ಹಂಗಾರ ತೆಳ್ಳಗ ಇನ್ನೊಂದ ಹೊಲಿತೇನಿ, ತಗೋ” ಎಂದರು.

ಸುಮಿತ್ರಾ ನನ್ನತ್ತ ನೋಡಿದಳು. “ಕಾಲಿಗೆ ಬ್ಯಾಡವ್ವಾ. ಹೊಲಿಯೂದಾದ್ರ ಇವರ ಬಾಯಿಗೊಂದು ಹೊಲದ ಕೊಡು.”