ನಕ್ಷೆಯಲ್ಲಿಲ್ಲದ ಫಣಸವಾಡಾ

ಸಿಟ್ಟು ಮಾಡುವುದಿದ್ದರೆ ಮನುಷ್ಯರ ಮೇಲೆ ಮಾಡಬೇಕು, ಅವರಾದರೂ ತಿರುಗಿ ಏನಾದರೂ ಅಂದಾರು ಎಂಬುದು ನನ್ನ ಹಳೆಯ ನಂಬಿಕೆ. ಆದರೆ ಹೋದ ಬೇಸಿಗೆಯಲ್ಲಿ ನಾನು ಮೂರು ವಾರ ಒಂದು ನಕ್ಷೆಯ ಮೇಲೆ ಸಿಟ್ಟು ಮಾಡಿದೆ. ಊಟಕ್ಕೆ ಕೂತಾಗಲೂ ಅದನ್ನು ಬೈಯುತ್ತಿದ್ದೆ. ಯಾರೋ ಹೆಂಗಸನ್ನು ಬೈಯುತ್ತಿದ್ದೇನೆಂದು ತಿಳಿದು ನಮ್ಮ ಯಜಮಾನರು, "ಹೋಗ್ಲಿ ಬಿಡ, ಆಕಿಗೂ ಏನರ ತ್ರಾಸ ಇರಬಹುದು" ಎಂದು ಸಮಾಧಾನ ಮಾಡಿದರು.

ನಾನು ದಾಂಡೇಲಿಯಲ್ಲಿ ಒಂದು ಸಣ್ಣ ಸೇವಾಸಂಸ್ಥೆಯ ಕಂಪ್ಯೂಟರ್ ನೋಡಿಕೊಳ್ಳುವವಳು. ಹಳ್ಳಿಗಳಿಗೆ ಜೀಪಿನಲ್ಲಿ ನರ್ಸನ್ನು ಕಳಿಸುವುದು ಸಂಸ್ಥೆಯ ಕೆಲಸ. ಕಂಪ್ಯೂಟರ್ ಕೆಟ್ಟಾಗ ಬಂದ್ ಮಾಡಿ ಮತ್ತೆ ಶುರು ಮಾಡುವುದು ನನ್ನ ಕೆಲಸ. ಅರ್ಧ ರೋಗ ಅಷ್ಟಕ್ಕೇ ವಾಸಿಯಾಗುತ್ತದೆ. ನಮ್ಮ ಹಳೆಯ ಡ್ರೈವರ್ ನಿವೃತ್ತರಾದಾಗ ಅವರ ಜೊತೆ ಜೋಯಿಡಾ ಕಾಡಿನ ದಾರಿಗಳೂ ನಿವೃತ್ತವಾದವು. ಹೊಸದಾಗಿ ಬಂದ ನಿಂಗಪ್ಪ ಹಳಿಯಾಳ ತಾಲೂಕಿನ ಸಾಂಬ್ರಾಣಿಯವರು. ಹೊಲಗಳ ನಡುವೆ ಬೆಳೆದವರಿಗೆ ಕಾಡಿನ ಕವಲುಗಳೆಲ್ಲ ಒಂದೇ ಥರ ಕಾಣುತ್ತವೆ. ಅವರಿಗೆ ಅನುಕೂಲವಾಗಲೆಂದು ಟ್ಯಾಬಿನಲ್ಲಿದ್ದ ರೋಗಿಗಳ ಪಟ್ಟಿಯೊಳಗೇ ಒಂದು ಕಂಪನಿಯ ನಕ್ಷೆಯನ್ನು ಕೂರಿಸಿದೆ. ಹೀಗೆ ಕೂರಿಸುವ ತುಣುಕಿಗೆ ಪ್ಲಗಿನ್ ಎನ್ನುತ್ತಾರೆ. ಮುಂಡಗೋಡದವರೆಗೆ ಹೋಗಿ ನೋಡಿದೆವು, ಸೊಗಸಾಗಿ ನಡೆಯಿತು. ನನಗೆ ನಾನೇ ಶಾಲು ಹೊದಿಸಿಕೊಳ್ಳುವುದೊಂದು ಬಾಕಿ ಇತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಫೋನು ಬಂತು. ಜೋಯಿಡಾದಾಚೆ ಫಣಸವಾಡಾ ಎಂಬ ಇಪ್ಪತ್ತು ಮನೆಗಳ ಕೇರಿಯಲ್ಲಿ ಸಾವಿತ್ರಿ ಎಂಬವಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು. ಅವಳ ಗಂಡ ಗುಡ್ಡ ಹತ್ತಿ, ಸಿಗ್ನಲ್ ಹುಡುಕಿ ಮಾತಾಡಿದ್ದ. ನಮ್ಮ ನರ್ಸ್ ಮಹಾದೇವಕ್ಕ ಮತ್ತು ನಿಂಗಪ್ಪ ತಕ್ಷಣ ಹೊರಟರು. ಜೋಯಿಡಾ ದಾಟುತ್ತಲೇ ನೆಟ್‌ವರ್ಕ್ ಹೋಯಿತು, ಅದರ ಹಿಂದೆಯೇ ನಕ್ಷೆಯೂ ಹೋಯಿತು. ಪರದೆಯ ತುಂಬ ಬೂದಿ ಬಣ್ಣ, ನಡುವೆ ಜೀಪನ್ನು ತೋರಿಸುವ ಒಂದು ನೀಲಿ ಚುಕ್ಕೆ. ಕವಲಿನಲ್ಲಿ ಎಡಕ್ಕೆ ತಿರುಗಿದರು, ಬಲಕ್ಕೆ ಹೋಗಬೇಕಿತ್ತು. ಎಡದ ದಾರಿ ಹಳ್ಳದ ದಂಡೆಯಲ್ಲಿ ಮುಗಿಯಿತು. ತಿರುಗಿ ಬಂದು ಫಣಸವಾಡಾ ಸೇರುವಷ್ಟರಲ್ಲಿ ಒಂದು ತಾಸು ದಂಡವಾಗಿತ್ತು. ಮಗು ಹುಟ್ಟಿ ಅಳುತ್ತಿತ್ತು, ತಾಯಿಯ ರಕ್ತ ನಿಂತಿರಲಿಲ್ಲ. ಮಹಾದೇವಕ್ಕನ ಕೈಗುಣದಿಂದ ಸಾವಿತ್ರಿ ಆಸ್ಪತ್ರೆ ತಲುಪಿ ಬದುಕಿಕೊಂಡಳು.

ಮರುದಿನ ಮಹಾದೇವಕ್ಕ ಟ್ಯಾಬನ್ನು ನನ್ನ ಮೇಜಿನ ಮೇಲಿಟ್ಟರು. "ಇನ್ನ ಸ್ವಲ್ಪ ತಡಾ ಆಗಿದ್ರ ಆ ಹುಡುಗಿ ನನ್ನ ಕೈಯಾಗ ಹೋಗ್ತಿತ್ರಿ. ಬೂದಿ ತೋರಸಾಕ ಇಷ್ಟ ದೊಡ್ಡ ಡಬ್ಬಿ ಯಾಕ ಬೇಕ್ರಿ?"

ನಾಚಿಕೆಯಾಯಿತು. ನಾಚಿಕೆ ಬಹಳ ಹೊತ್ತು ನಾಚಿಕೆಯಾಗಿ ಉಳಿಯುವುದಿಲ್ಲ. ಅದು ಬೇಗ ಇನ್ನೊಬ್ಬರ ಮೇಲಿನ ಸಿಟ್ಟಾಗುತ್ತದೆ. ನಕ್ಷೆಯ ಕಂಪನಿಗೆ ಫೋನು ಹಚ್ಚಿದೆ.

"ಮೇಡಂ, ನಿಮ್ಮ ಇಂಟರ್ನೆಟ್ ಸರಿಯಾಗಿದೆಯೇ ನೋಡಿ" ಎಂದ ಅಲ್ಲಿನವನು.

"ಅಲ್ಲಿ ಇಂಟರ್ನೆಟ್ಟ ಇಲ್ರಿ."

"ಹಾಗಾದರೆ ಇಂಟರ್ನೆಟ್ ಇರುವ ಕಡೆ ಹೋಗಿ ಪ್ರಯತ್ನಿಸಿ."

ಬಸುರಿಯನ್ನೂ ಇಂಟರ್ನೆಟ್ ಇರುವ ಕಡೆಗೇ ಕರೆಸಿಕೊಳ್ಳಬೇಕೇನು? ನಮ್ಮ ಜೀಪು ಎಲ್ಲಿದೆ ಎಂದು ಆಕಾಶದಲ್ಲಿ ತಿರುಗುವ ಉಪಗ್ರಹಗಳು ಹೇಳುತ್ತವೆ, ನೆಟ್‌ವರ್ಕ್ ಕೇಳುವುದಿಲ್ಲ. ಆದರೆ ನಮ್ಮದೇ ತಾಲೂಕಿನ ದಾರಿಯನ್ನು ನಮಗೆ ತೋರಿಸಲು ಈ ನಕ್ಷೆ ಪ್ರತಿ ಸಲವೂ ಎಲ್ಲೋ ಇರುವ ಸರ್ವರಿನ, ಅಂದರೆ ನಕ್ಷೆ ತುಂಬಿಟ್ಟ ದೊಡ್ಡ ಕಂಪ್ಯೂಟರಿನ, ಅಪ್ಪಣೆ ಕೇಳಬೇಕು. ಹಿಂದೆ ಸರಪಳಿ ಎಳೆದುಕೊಂಡು ಕಾಡು ಅಳೆದ ಸರ್ವೆಯವರು ದಾರಿಯನ್ನು ಕಾಗದದ ಮೇಲೆ ಬರೆದಿಟ್ಟರು. ಆ ಕಾಗದವನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರೆ ಎಂಥ ದಟ್ಟ ಕಾಡಿನಲ್ಲೂ ಬೂದಿಯಾಗುತ್ತಿರಲಿಲ್ಲ. ನಾವು ಮುಂದುವರಿದಿದ್ದೇವಂತೆ!

ಸರಿ, ಸರ್ವರನ್ನೇ ಜೀಪಿನಲ್ಲಿ ಕೂರಿಸುತ್ತೇನೆ ಎಂದು ಹಟ ಹಿಡಿದೆ. ಎಲ್ಲರೂ ಬಳಸಬಹುದಾದ ಉಚಿತ ನಕ್ಷೆಯಿಂದ ನಾಲ್ಕು ತಾಲೂಕುಗಳನ್ನು ಇಳಿಸಿಕೊಂಡು, ಊಟದ ಡಬ್ಬಿಯಷ್ಟು ಸಣ್ಣ ಕಂಪ್ಯೂಟರಿಗೆ ತುಂಬಿದೆ. ಕಂಪನಿಯ ಪ್ಲಗಿನ್ ತೆಗೆದು, ನಮ್ಮ ಸರ್ವರಿನ ವಿಳಾಸ ಕೊಟ್ಟರೆ ಒಪ್ಪುವ ಬೇರೆಯದನ್ನು ಹಾಕಿದೆ. ವಿಳಾಸ ಬರೆದೆ. ಪರದೆ ಮತ್ತೆ ಬೂದಿ! ಒಂದು ವಾರ ಹಣೆ ಚಚ್ಚಿಕೊಂಡ ಮೇಲೆ ಗೊತ್ತಾಯಿತು: ಪರದೆಗೆ ನಕ್ಷೆ ಬರುವುದು ಸಣ್ಣ ಸಣ್ಣ ಚೌಕಗಳಾಗಿ; ಆ ಚೌಕಗಳನ್ನು ಪ್ಲಗಿನ್ ಮೇಲಿನಿಂದ ಎಣಿಸುತ್ತಿತ್ತು, ನನ್ನ ಸರ್ವರು ಕೆಳಗಿನಿಂದ. ನಾನು ಜೋಯಿಡಾ ಕೇಳಿದರೆ ಅದು ಭೂಮಧ್ಯರೇಖೆ ದಾಟಿ ಹಿಂದೂ ಮಹಾಸಾಗರದಲ್ಲಿ ಹುಡುಕುತ್ತಿತ್ತು. ಆ ವಾರ ಕಂಪನಿಗೆ ಬೈದದ್ದರಲ್ಲಿ ಅರ್ಧ ನನಗೇ ಸಲ್ಲಬೇಕು.

ಕೊನೆಗೊಂದು ದಿನ ಜೋಯಿಡಾ ದಾಟಿದರೂ ನಕ್ಷೆ ಉಳಿಯಿತು. ಮಹಾದೇವಕ್ಕ, ನಿಂಗಪ್ಪ, ನಾನು ಮೂವರೂ ಜೀಪಿನಲ್ಲಿ ಚಪ್ಪಾಳೆ ತಟ್ಟಿದೆವು. ಆಮೇಲೆ ಸರಿಯಾಗಿ ನೋಡಿದರೆ ಹೊಳೆ ಇದೆ, ರೆಸಾರ್ಟ್ ಇದೆ, ರೆಸಾರ್ಟಿನ ಈಜುಕೊಳವೂ ಇದೆ; ಫಣಸವಾಡಾ ಇಲ್ಲ. ಇಪ್ಪತ್ತು ಮನೆಗಳಿಗಿಂತ ಒಂದು ಈಜುಕೊಳ ದೊಡ್ಡದಾಯಿತು! ಉಚಿತ ನಕ್ಷೆಗೆ ಕಂಪನಿಯೇ ಇಲ್ಲ, ಈ ಸಲ ಬೈಯಲು ಫೋನ್ ನಂಬರ್ ಕೂಡ ಇರಲಿಲ್ಲ.

ಹಾಗಾಗಿ ನಾವೇ ಕೇರಿ ಕೇರಿ ತಿರುಗಿ, ಹೆಸರು ಕೇಳಿ, ದಾರಿ ಕೇಳಿ ಸೇರಿಸತೊಡಗಿದೆವು. ನಿಂಗಪ್ಪ ಕೇಳುವವರು, ನಾನು ಬರೆಯುವವಳು. ಫಣಸವಾಡಾದಲ್ಲಿ ಸಾವಿತ್ರಿ ಕೂಸನ್ನು ಎತ್ತಿಕೊಂಡು ಬಂದಳು. ಅವಳ ಅತ್ತೆ ಟ್ಯಾಬನ್ನು ದಿಟ್ಟಿಸಿ ಕೊಂಕಣಿಯಲ್ಲಿ ಏನೋ ಕೇಳಿದರು.

"ಇದರಾಗ ಹೆಸರು ಬರದ್ರ ನೀವು ದಾರಿ ತಪ್ಪದ ಬರ್ತೀರೇನು ಅಂತ ಕೇಳಾಕತ್ತಾರ್ರಿ" ಎಂದಳು ಸಾವಿತ್ರಿ.

"ಬರ್ತೇವಿ ಅಂತ ಹೇಳವಾ" ಎಂದರು ಮಹಾದೇವಕ್ಕ. ನಾನು ಫಣಸವಾಡಾ ಎಂದು ಎರಡು ಸಲ ತಿದ್ದಿ ಬರೆದೆ.

ಜೂನ್‌ನಲ್ಲಿ ಅದರಾಚೆಯ ಇನ್ನೊಂದು ಕೇರಿಯಿಂದ ಕರೆ ಬಂತು: ಜ್ವರ ನೆತ್ತಿಗೇರಿ ಫಿಟ್ಸ್ ಬಂದ ಮೂರು ವರ್ಷದ ಕೂಸು. ಜೀಪು ಎಲ್ಲೂ ನಿಲ್ಲದೆ, ದಾರಿ ತಪ್ಪದೆ ಹೋಗಿ ಮುಟ್ಟಿತು. ಕೂಸು ಉಳಿಯಿತು. ಸಂಜೆ ನಾನು ಹೆಮ್ಮೆಯಿಂದ ಕೇಳಿದೆ, "ಹೆಂಗಿತ್ರಿ ನಿಂಗಪ್ಪ, ನಮ್ಮ ನಕ್ಷಾ?"

"ನೋಡಲಿಲ್ರಿ ಅಕ್ಕಾರ."

"ನೋಡಲಿಲ್ಲ?"

"ಮನಿ ಮನಿ ಕೇಳಿ ಬರಸೂಮುಂದ ದಾರಿ ಎಲ್ಲಾ ತಲ್ಯಾಗ ಕುಂತ ಬಿಟ್ಟಾವ್ರಿ. ಈಗ ಯಾಕ ನೋಡ್ಲಿ?"

ಮೂರು ವಾರದ ನನ್ನ ತಪಸ್ಸು! ಸಿಟ್ಟು ಮತ್ತೆ ಬಂತು. ಆದರೆ ಈ ಸಿಟ್ಟನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಲ್ಲುವುದು? ಎದುರಿಗೆ ನಿಂತ ನಿಂಗಪ್ಪ ನಗುತ್ತಿದ್ದರು. "ನೋಡದಿದ್ರೂ ಚಾಲೂ ಇಡ್ರಿ, ನಾಳೆ ನೀವು ರಜಾ ಹಾಕಿದ್ರ?" ಎಂದು ಗದರಿದೆ. "ಆತ್ರಿ" ಎಂದು ಟವೆಲ್ಲಿನಿಂದ ಪರದೆಯ ಧೂಳು ಒರೆಸಿ, ಅದರ ಕಡೆ ಕಣ್ಣೂ ಹಾಯಿಸದೆ ಜೀಪು ಹೊರಡಿಸಿದರು. ಕಲಿಸಿ ಮುಗಿದ ಮೇಲೆ ಮೇಷ್ಟ್ರನ್ನು ಯಾರೂ ತಿರುಗಿ ನೋಡದಿದ್ದರೆ ಪಾಠ ಚೆನ್ನಾಗಿ ಆಗಿದೆ ಎಂದೇ ಅರ್ಥ ಎಂದು ಮನಸ್ಸಿಗೆ ಹೇಳಿಕೊಂಡಿದ್ದೇನೆ. ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ.