ಹಿಮ ಕಚ್ಚಿದ ಮೂಗು

ಅವರ ಮೂಗಿನ ತುದಿಯಲ್ಲಿ ಹುಣಸೆಬೀಜದಷ್ಟು ಅಗಲದ ಕಪ್ಪು ಕಲೆಯಿತ್ತು. ಮಚ್ಚೆಯಲ್ಲ, ಸುಟ್ಟ ಗಾಯವೂ ಅಲ್ಲ. ಕಾಶ್ಮೀರದ ಕಡೆ ಮಿಲಿಟರಿ ಲಾರಿ ಓಡಿಸುತ್ತಿದ್ದಾಗ ಹಿಮ ಕಚ್ಚಿದ ಗುರುತು. ಚಿಕ್ಕಬಳ್ಳಾಪುರದಲ್ಲಿ ನಾಯಿ ಕಚ್ಚಿದವರಿದ್ದರು, ಹಾವು ಕಚ್ಚಿ ಬದುಕಿದವರಿದ್ದರು. ಹಿಮ ಕಚ್ಚಿದವರು ಇವರೊಬ್ಬರೇ. ಚಳಿಗಾಲ ಬಂತೆಂದರೆ ಆ ಕಲೆ ಇನ್ನಷ್ಟು ಕಪ್ಪಾಗುತ್ತಿತ್ತು, ಅದನ್ನು ಹೊತ್ತ ಮನುಷ್ಯ ಇನ್ನಷ್ಟು ಸಿಡುಕರಾಗುತ್ತಿದ್ದರು.

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುತ್ತಿದ್ದ ಖಾಸಗಿ ಬಸ್ಸಿಗೆ ಅವರು ಡ್ರೈವರು, ನಾನು ಕಂಡಕ್ಟರು. ಊರವರೆಲ್ಲ ಅವರನ್ನು ಮಿಲ್ಟ್ರಿ ಎನ್ನುತ್ತಿದ್ದರು, ಅವರ ಬೆನ್ನ ಹಿಂದೆ. ಕೆಲಸಕ್ಕೆ ಸೇರಿದ ದಿನ ನಾನು ಅವರನ್ನು ಬಾಯ್ತುಂಬ ಅಣ್ಣ ಎಂದು ಕರೆದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡಲು ಹೆಚ್ಚೇನೂ ಇರಲಿಲ್ಲ. ಗಣಿತದಲ್ಲಿ ಫೇಲಾದ ಎಸ್ಸೆಸ್ಸೆಲ್ಸಿ, ಎರಡು ಅಗಲವಾದ ಕಿವಿ, ಅವುಗಳ ನಡುವೆ ಒಂದು ಬಾಯಿ.

“ನಿಮ್ಮಪ್ಪನ ಮಗ ಅಲ್ಲ ನಾನು. ಡ್ರೈವರ್ರೇ ಅನ್ನು,” ಎಂದರು.

ಅಲ್ಲಿಗೆ ನಮ್ಮ ಸ್ನೇಹ ಶುರುವಾಗುವ ಮೊದಲೇ ಮುಗಿಯಿತು. ಆಮೇಲಿನದೆಲ್ಲ ಯುದ್ಧ. ನಾನು ಸೀಟಿ ಊದಿದರೆ ಅವರು ಹೊರಡುತ್ತಿರಲಿಲ್ಲ. ಇಲ್ಲವೇ ನಾನು ಊದುವ ಮೊದಲೇ ಹೊರಟುಬಿಡುತ್ತಿದ್ದರು, ನಾನು ಓಡಿ ಏಣಿ ಹಿಡಿಯಬೇಕಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ನಾನು ಅವರನ್ನು ಅಣಕಿಸುತ್ತಿದ್ದೆ. ನನಗಿದ್ದ ಆಯುಧ ಅದೊಂದೇ.

ಹಿಮದಲ್ಲಿ ಕಲಿತದ್ದನ್ನೆಲ್ಲ ಅವರು ನಮ್ಮ ಬಯಲುಸೀಮೆಗೆ ಹೊತ್ತು ತಂದಿದ್ದರು. ನಂದಿಬೆಟ್ಟದ ಕಡೆಯಿಂದ ಬೆಳಗಿನ ಮಂಜು ಇಳಿದರೆ ಬಸ್ಸಿನ ಮುಂದಿನ ಕಿಟಕಿಗಳನ್ನೆಲ್ಲ ತೆಗೆಸುತ್ತಿದ್ದರು. ಕಣ್ಣಿಗೆ ಕಾಣದ ಗಾಡಿ ಕಿವಿಗೆ ಕೇಳಿಸಬೇಕು ಎಂಬುದು ಅವರ ವಾದ. ಮಕ್ಕಳನ್ನು ಸೆರಗಿನೊಳಗೆ ಸುತ್ತಿಕೊಂಡ ಹೆಂಗಸರು ಅವರ ವಂಶವನ್ನೆಲ್ಲ ಶಪಿಸುತ್ತ ಹಲ್ಲು ಕಟಕಟಿಸುತ್ತಿದ್ದರು. ಮುಂದೆ ಲಾರಿಯಿದ್ದರೆ ಎತ್ತಿನ ಗಾಡಿಗೂ ನಾಚಿಕೆಯಾಗುವಷ್ಟು ದೂರ ಬಿಡುತ್ತಿದ್ದರು. ಹಿಂದಿನ ಸೀಟಿನ ಕೆಳಗೆ ಒಂದು ಮೂಟೆ ಮರಳು. ಶಿಡ್ಲಘಟ್ಟಕ್ಕೆ ರೇಷ್ಮೆಗೂಡಿನ ಬುಟ್ಟಿ ತರುವವರು ಅದನ್ನು ಕಂಡು ಉರಿಯುತ್ತಿದ್ದರು. ತಮ್ಮ ಬುಟ್ಟಿಗಿಲ್ಲದ ಜಾಗ ಮಣ್ಣಿಗಿದೆಯಲ್ಲ ಎಂದು ಬೈಯುತ್ತಿದ್ದರು, ಆ ಬೈಗುಳ ತಿನ್ನುತ್ತಿದ್ದವನು ಮಾತ್ರ ನಾನು.

ಆದರೆ ನಿಜವಾದ ಜಗಳ ಹುಲ್ಲಿನದು.

ಶಿಡ್ಲಘಟ್ಟ ಬಿಟ್ಟು ಚಿಂತಾಮಣಿಯ ದಾರಿಯಲ್ಲಿ ಒಂದು ಇಳಿಜಾರಿದೆ. ಇಳಿದರೆ ತಿರುವು, ತಿರುಗಿದರೆ ಕೆರೆಯ ಏರಿ. ಸುಗ್ಗಿಯಲ್ಲಿ ಅಲ್ಲಿನ ಹಳ್ಳಿಯವರು ರಾಗಿಯ ತೆನೆಹುಲ್ಲನ್ನು ತಂದು ಟಾರು ರಸ್ತೆಯ ಉದ್ದಕ್ಕೂ ಹಾಸುತ್ತಿದ್ದರು. ಬಸ್ಸು ಲಾರಿಗಳು ಅದರ ಮೇಲೆ ಹಾದರೆ ಕಾಳು ತಾನಾಗಿ ಉದುರುತ್ತದೆ. ಎತ್ತು ಕಟ್ಟಿ ಗುಂಡುಕಲ್ಲು ಎಳೆಸುವ ಕೆಲಸ ತಪ್ಪುತ್ತದೆ. ಬಿಸಿಲಲ್ಲಿ ಒಣಗಿದ ಹುಲ್ಲಾದರೆ ಹೇಗೋ ಆಗುತ್ತಿತ್ತು. ಸಂಜೆ ಅದನ್ನು ಎತ್ತಿಡಲು ಸೋಮಾರಿತನ. ರಾತ್ರಿಯ ಇಬ್ಬನಿಯಲ್ಲಿ ನೆಂದ ಆ ಹುಲ್ಲಿನ ಮೇಲೆ ಬೆಳಗಿನ ಮೊದಲ ಬಸ್ಸಾಗಿ ನಾವು ಹೋಗುತ್ತಿದ್ದೆವು.

ಬೇರೆ ಡ್ರೈವರುಗಳು ಅದರ ಮೇಲೆ ಸುಮ್ಮನೆ ಓಡಿಸುತ್ತಿದ್ದರು. ಕೆಲವರು ಒಮ್ಮೆ ಹಿಂದಕ್ಕೂ ತೆಗೆದುಕೊಂಡು ಇನ್ನೊಮ್ಮೆ ತುಳಿಸಿ, ಅವರೆಕಾಯಿಯೋ ಕಡಲೆಕಾಯಿಯೋ ಇಸಿದುಕೊಂಡು ಹೋಗುತ್ತಿದ್ದರು. ನಮ್ಮವರು ಇಳಿಜಾರಿನ ನೆತ್ತಿಯಲ್ಲೇ ಬಸ್ಸು ನಿಲ್ಲಿಸಿ, ಕೆಳಗಿಳಿದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹುಲ್ಲನ್ನು ಒತ್ತಿ ನೋಡುತ್ತಿದ್ದರು. ಆಮೇಲೆ ಎಲ್ಲರಿಗೂ ಇಳಿಯುವ ಅಪ್ಪಣೆ. ಕೆಂಚಾರ್ಲಹಳ್ಳಿಯ ಕಡೆಯ ಮುದುಕನೊಬ್ಬ ಪ್ರತಿಸಲವೂ, “ಮಳ್ಳೀ ದಿಗಾಲಾ?” ಎಂದು ತೆಲುಗಿನಲ್ಲಿ ನನ್ನನ್ನು ಕೇಳುತ್ತಿದ್ದ, ಮತ್ತೆ ಇಳಿಯಬೇಕಾ ಎಂದು. ಇಳಿಯಬೇಕು ತಾತ ಎಂದರೆ ಮಿಲ್ಟ್ರಿಯ ಬದಲು ನನ್ನ ಕಡೆಗೇ ಉಗುಳುತ್ತಿದ್ದ. ಪ್ರಯಾಣಿಕರು ನಡೆದು ಕೆಳಗೆ ಹೋಗುವವರೆಗೆ ನಾನು ಹಿಡಿ ಹಿಡಿ ಮರಳು ಎರಚಬೇಕು. ಯಾವನೋ ಒಬ್ಬ, “ರಂಗೋಲಿ ಚೆನ್ನಾಗಿದೆ ಕಣಪ್ಪ, ಒಂದು ನವಿಲೂ ಬಿಡು,” ಎನ್ನುತ್ತಿದ್ದ. ಖಾಲಿ ಬಸ್ಸನ್ನು ಅವರು ಮೊದಲನೇ ಗೇರಿನಲ್ಲಿ, ಕೂಸು ಮಲಗಿದ್ದ ತೊಟ್ಟಿಲಿನಂತೆ ಕೆಳಗಿಳಿಸುತ್ತಿದ್ದರು.

ಹಳ್ಳಿಯ ಗೌಡರಿಗೆ ಇದು ಅವಮಾನವಾಗಿ ಕಂಡಿತು. ಒಂದು ಬೆಳಿಗ್ಗೆ ರಸ್ತೆಗೆ ಅಡ್ಡ ನಿಂತು, ನಮ್ಮ ಹುಲ್ಲು ತುಳಿದರೆ ನಿಮ್ಮ ಚಕ್ರ ಸವೆದು ಹೋಗುತ್ತಾ ಸ್ವಾಮಿ ಎಂದು ಕೇಳಿದರು.

“ಚಕ್ರ ಸವೆಯಲ್ಲ ಗೌಡ್ರೇ. ಜನ ಸವೀತಾರೆ,” ಎಂದರು ಮಿಲ್ಟ್ರಿ.

ಗೌಡರು ಬಸ್ಸಿನ ಸಾಹುಕಾರರಿಗೆ ದೂರು ಕೊಟ್ಟರು. ಗೂಡಿನವರೂ ಕೊಟ್ಟರು. ಸಾಹುಕಾರರು ಇವರನ್ನು ಬೈದು ನೋಡಿದರು, ಬೇಡಿ ನೋಡಿದರು, ಗೋಡೆಗೆ ಹೇಳಿದಂತಾಯಿತು. ಬಿಡಿಸಿ ಕಳಿಸೋಣವೆಂದರೆ ಬಸ್ಸಿಗೆ ಬೇರೆ ಕೈಯಿಲ್ಲ.

ಬೇರೆ ಕೈ ನಾನೇ ಆಗಬೇಕೆಂದು ನನ್ನ ಆಸೆ. ಸೀಟಿ ಊದಿ ಊದಿ ನನ್ನ ಕೆನ್ನೆ ಪೂರಿಯಾಗಿತ್ತು. ಹೇಗೋ ಲೈಸೆನ್ಸು ಮಾಡಿಸಿಕೊಂಡು ಸಾಹುಕಾರರ ಮುಂದೆ ನಿಂತೆ. ಅವರು ಒಂದೇ ಮಾತು ಹೇಳಿದರು: ಮಿಲ್ಟ್ರಿ ಹೂಂ ಅಂದರೆ ಸ್ಟೇರಿಂಗು ನಿನ್ನದು. ಮಿಲ್ಟ್ರಿ ಅಲ್ಲೇ ಇದ್ದರು. ನನ್ನ ಮುಖಕ್ಕೇ ಹೇಳಿದರು:

“ಇವನು ಕೋತಿ. ಸ್ಟೇರಿಂಗ್ ಕೊಟ್ರೆ ಅದನ್ನೂ ಅಣಕಿಸ್ತಾನೆ.”

ಅವತ್ತು ಸಂಜೆ ಚಿಂತಾಮಣಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ನಾನು ಹೊಟ್ಟೆಕಿಚ್ಚಿನಿಂದ ಅವರನ್ನು ಅಣಕಿಸಿದೆ. ಕವುಚಿ ಹಾಕಿದ ಸೀಮೆಎಣ್ಣೆ ಡಬ್ಬವೇ ಡ್ರೈವರ್ ಸೀಟು, ತಟ್ಟೆಯೇ ಸ್ಟೇರಿಂಗು. ಮೂಗಿನ ತುದಿಗೆ ಮಸಿ ಬಳಿದುಕೊಂಡೆ. ಮೂಗಿನಲ್ಲೇ ಮಾತಾಡುತ್ತ ಹಿಮದ ಬೆಟ್ಟ ಇಳಿದೆ, ಹುಲ್ಲನ್ನು ಹಿಮವೆಂದು ತಿಳಿದು ಸೆಲ್ಯೂಟು ಹೊಡೆದೆ. ಜನ ಟೀ ಚೆಲ್ಲಿಕೊಂಡು ನಕ್ಕರು. ಇದ್ದಕ್ಕಿದ್ದಂತೆ ನಗು ನಿಂತಿತು. ತಿರುಗಿದರೆ ಅವರು ನನ್ನ ಹಿಂದೆಯೇ ನಿಂತಿದ್ದಾರೆ.

ಹೊಡೆಯುತ್ತಾರೆಂದು ನಾನು ಕಿವಿ ಮುಚ್ಚಿಕೊಂಡೆ. ಅಷ್ಟು ಅಗಲದ ಕಿವಿ ಮುಚ್ಚಲು ಸಮಯ ಬೇಕು. ಅವರು ಹೊಡೆಯಲಿಲ್ಲ. ನನ್ನ ಬಲಗಾಲನ್ನು ತಮ್ಮ ಚಪ್ಪಲಿಯ ತುದಿಯಿಂದ ಎತ್ತಿ ಪಕ್ಕಕ್ಕೆ ಸರಿಸಿದರು.

“ಕಾಲು ತಪ್ಪು. ಬ್ರೇಕಿನ ಮೇಲೆ ಇಟ್ಟಿದೀಯ. ಜಾರೋ ಜಾಗದಲ್ಲಿ ನಾನು ಇಡಲ್ಲ. ಅಣಕಿಸೋದಾದ್ರೂ ನೆಟ್ಟಗೆ ಅಣಕಿಸು.”

ಹೇಳಿ ಹೊರಟುಹೋದರು. ಇದು ನನಗೆ ಹೊಡೆತಕ್ಕಿಂತ ಕೆಟ್ಟದಾಗಿ ತಾಗಿತು. ಗಣಿತದಲ್ಲಿ ತಪ್ಪು ಎಂದರೆ ಒಪ್ಪಿಕೊಳ್ಳುತ್ತೇನೆ, ಅಣಕಿನಲ್ಲಿ ತಪ್ಪು ಎಂದರೆ ಹೇಗೆ? ಮಾರನೆಯ ದಿನದಿಂದ ಇಳಿಜಾರಿನಲ್ಲಿ ಮರಳು ಎರಚಿ ಮುಗಿಸಿ, ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವರ ಕಾಲನ್ನು ನೋಡತೊಡಗಿದೆ. ಬಸ್ಸು ಜಾರಿದರೆ ಕಾಲು ಮೇಲೇಳುತ್ತಿತ್ತು. ಜಾರಿದ ಕಡೆಗೇ ಸ್ಟೇರಿಂಗು ಒಂದು ಚೂರು ಹೊರಳುತ್ತಿತ್ತು, ಕೊಸರಾಡುವ ಮಗುವಿನ ಕೈಯನ್ನು ಜಗ್ಗದೆ ಅದರ ಜೊತೆಗೇ ಎರಡು ಹೆಜ್ಜೆ ಹೋದಂತೆ. ಬಾಯಲ್ಲಿ, ಯಾರಿಗೋ ಬೈಯುವಂತೆ, “ಕಾಲ್ ತೆಗಿ, ಕಾಲ್ ತೆಗಿ,” ಎಂಬ ಗೊಣಗು. ಅದನ್ನೆಲ್ಲ ಸೀಮೆಎಣ್ಣೆ ಡಬ್ಬದ ಮೇಲೆ ಕೂತು ಸಾಧಿಸಿದೆ. ಅವರು ಆಗಾಗ ಅಂಗಡಿಯ ಮುಂದೆ ಹಾದುಹೋಗುತ್ತ, ಕೈ ಅಷ್ಟು ಹೊರಳಿಸಬೇಡ, ಎಂದು ಕಿಡಿ ಕಾರಿದಂತೆ ಹೇಳಿ ಹೋಗುತ್ತಿದ್ದರು. ಹೂಂ ಎಂಬ ಮಾತು ಮಾತ್ರ ಬರಲಿಲ್ಲ. ಸಾಹುಕಾರರು ಪ್ರತಿ ಯುಗಾದಿಗೆ ಕೇಳುವುದು, ಇವರು ಪ್ರತಿ ಯುಗಾದಿಗೆ ಬೇವು ತಿಂದ ಮುಖ ಮಾಡುವುದು.

ಕೊನೆಗೆ ಅವರ ಕಣ್ಣಿಗೆ ಪೊರೆ ಬಂತು. ಯಾರೂ ಹೇಳುವ ಮೊದಲೇ ತಾವಾಗಿ ಸಾಹುಕಾರರ ಮೇಜಿನ ಮೇಲೆ ಬಸ್ಸಿನ ಬೀಗದ ಕೈ ಇಟ್ಟು ಮನೆಗೆ ಹೋದರು. ಬೇರೆ ಗತಿಯಿಲ್ಲದೆ ಸಾಹುಕಾರರು ನನ್ನನ್ನು ಕೂರಿಸಿದರು. ಒಂದು ಗೀರು ಬಿದ್ದರೂ ವಾಪಸು ಸೀಟಿ ಊದೋದೇ ಎಂದು ಎಚ್ಚರಿಸಿಯೇ ಕೊಟ್ಟರು.

ನಾನು ಮಾಡಿದ ಮೊದಲ ಕೆಲಸ, ಮರಳಿನ ಮೂಟೆಯನ್ನು ಇಳಿಸಿದ್ದು. ಕಿಟಕಿಗಳನ್ನು ಮುಚ್ಚಿಸಿದೆ. ಹುಲ್ಲಿನ ಮೇಲೆ ಜನರನ್ನು ಇಳಿಸದೆ ಓಡಿಸಿದೆ. ಕೆಂಚಾರ್ಲಹಳ್ಳಿಯ ತಾತ ನನಗೆ ದೀರ್ಘಾಯುಸ್ಸು ಹಾರೈಸಿದ. ಗೌಡರ ಮನೆಯಿಂದ ಅವರೆಕಾಯಿ ಬಂತು, ನಮ್ಮಮ್ಮ ಹಿದುಕಿದ ಬೇಳೆ ಸಾರು ಮಾಡಿದಳು. ಮಿಲ್ಟ್ರಿಯನ್ನು ಜನ ಮರೆತೇ ಬಿಡುತ್ತಾರೆ ಎಂದುಕೊಂಡೆ.

ಮುಂದಿನ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಶಿಡ್ಲಘಟ್ಟದಲ್ಲಿ ಅವರೇ ಹತ್ತಿದರು. ಚಿಂತಾಮಣಿಯಲ್ಲಿ ಮಗಳ ಮನೆಯಿತ್ತು. ಟಿಕೆಟು ಕೊಂಡು, ನನ್ನ ಕಡೆ ನೋಡದೆ, ಸರಿಯಾಗಿ ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂತರು. ನನ್ನ ಕತ್ತಿನ ಮೇಲೆ ಇರುವೆ ಹರಿದಂತಾಯಿತು. ಬಸ್ಸು ತುಂಬಿತ್ತು. ತೋರಿಸೋಣ ಇವರಿಗೆ ಎಂದು ಎಂದಿಗಿಂತ ಜೋರಾಗಿಯೇ ಇಳಿಜಾರಿಗೆ ಇಳಿಸಿದೆ.

ಅವತ್ತು ಹುಲ್ಲು ದಪ್ಪವಾಗಿ ಹಾಸಿತ್ತು, ಇಬ್ಬನಿ ತೊಟ್ಟಿಕ್ಕುತ್ತಿತ್ತು. ಅರ್ಧ ದಾರಿಯಲ್ಲಿ ಬಸ್ಸಿನ ಹಿಂಭಾಗ ತನ್ನ ಪಾಡಿಗೆ ತಾನು ಎಡಕ್ಕೆ ಹೊರಟಿತು. ಮುಂದೆ ತಿರುವು, ಆಚೆ ಕೆರೆಯ ನೀರು ಮಂಜಿನಲ್ಲಿ ಬೆಳ್ಳಗೆ. ಹಿಂದೆ ಯಾರೋ ಹೆಂಗಸು ಕಿರುಚಿದಳು. ನನ್ನ ಕಾಲು ಬ್ರೇಕಿನ ಕಡೆಗೆ ಓಡಿತು. ಲೈಸೆನ್ಸು ಪಡೆದ ಕಾಲು ಅದು, ಅದಕ್ಕೆ ಗೊತ್ತಿದ್ದದ್ದು ಅಷ್ಟೇ.

ಆಗ ನನ್ನ ಬಾಯಿ ತಾನಾಗಿ ತೆರೆದುಕೊಂಡು, ಮೂಗಿನಲ್ಲಿ, ಅವರದೇ ದನಿಯಲ್ಲಿ, ನನ್ನನ್ನೇ ಬೈಯಿತು:

“ಕಾಲ್ ತೆಗಿಯೋ ಕೋತಿ.”

ಕಾಲು ಎದ್ದಿತು. ಕೈ ಜಾರಿದ ಕಡೆಗೇ ಒಂದು ಚೂರು ಹೊರಳಿತು. ಸೀಮೆಎಣ್ಣೆ ಡಬ್ಬದ ಮೇಲೆ ಸಾವಿರ ಸಲ ಮಾಡಿದ್ದೆನಲ್ಲ, ಅದೇ. ಬಸ್ಸು ಜಾರುತ್ತ ಜಾರುತ್ತ ನೆಟ್ಟಗಾಯಿತು, ಹುಲ್ಲು ಮುಗಿದ ಕಡೆ ಚಕ್ರಗಳು ಟಾರನ್ನು ಹಿಡಿದವು, ಏರಿಯ ಕಲ್ಲಿಗೆ ಮೊಳದಷ್ಟು ಇರುವಾಗ ನಿಂತೆವು. ಗೂಡಿನ ಬುಟ್ಟಿಯೊಂದು ಉರುಳಿ ಗೂಡುಗಳೆಲ್ಲ ಕಾಲಡಿ ಚೆಲ್ಲಿದ್ದವು. ಯಾರೂ ಆಯ್ದುಕೊಳ್ಳಲಿಲ್ಲ.

ಬೆನ್ನ ಹಿಂದಿನಿಂದ ಅವರ ದನಿ ಬಂತು.

“ನಾನು ಮೂಗಿನಲ್ಲಿ ಮಾತಾಡಲ್ಲ.”

ಇಳಿದು, ಬಾಗಿಲು ಹಾಕಿ, ಚಿಂತಾಮಣಿಯ ಕಡೆಗೆ ನಡೆದೇ ಹೋದರು. ಹತ್ತಿ ಅನ್ನಲು ನನ್ನ ಬಾಯಲ್ಲಿ ಯಾರ ದನಿಯೂ ಉಳಿದಿರಲಿಲ್ಲ.

ಅವರು ಸಾಹುಕಾರರಿಗೆ ಹೇಳದೆ ಬಿಡುವವರಲ್ಲ. ಮತ್ತೆ ಸೀಟಿಯೇ ಗತಿ ಎಂದುಕೊಂಡು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಸಾಹುಕಾರರು ಕರೆಸಿದರು. ಮಿಲ್ಟ್ರಿ ಬಂದಿದ್ದರಂತೆ. ಬಸ್ಸಿನಲ್ಲಿ ಮರಳಿನ ಮೂಟೆ ಇಲ್ಲವೆಂದು ದೂರು ಕೊಟ್ಟರಂತೆ. ಬೇರೆ ಏನೆಂದರು ಎಂದು ಕೇಳಿದೆ. ಬೇರೇನೂ ಇಲ್ಲ, ನಿನ್ನ ಹೆಸರೂ ಎತ್ತಲಿಲ್ಲ ಎಂದರು.

ಮೂಟೆ ವಾಪಸು ಬಂತು. ಜನ ಇಳಿಜಾರಿನಲ್ಲಿ ಮತ್ತೆ ಇಳಿಯತೊಡಗಿದರು, ತಾತ ಮತ್ತೆ ಉಗುಳತೊಡಗಿದ, ಗೌಡರ ಅವರೆಕಾಯಿ ನಿಂತಿತು. ಊರಿಗೆಲ್ಲ ಬೇಡವಾದ ಡ್ರೈವರು ಈಗ ನಾನು.

ಹೋದ ಚಳಿಗಾಲ ಅವರು ತೀರಿಕೊಂಡರು. ತಿಥಿಯ ಊಟಕ್ಕೆ ಹೋಗಿ ಮೂಲೆಯಲ್ಲಿ ಕೂತಿದ್ದೆ. ಅವರ ಹೆಂಡತಿ ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತರು.

“ನೀನು ಅವರ ಥರಾನೇ ಮಾತಾಡ್ತೀಯಂತಲ್ಲ. ಒಂದ್ಸಲ ಮಾತಾಡಪ್ಪ.”

ಬೇಡಮ್ಮ ಎಂದೆ. ಅವರು ಏಳಲಿಲ್ಲ. ಆ ದನಿಯಲ್ಲಿ ನನಗೆ ಗೊತ್ತಿದ್ದದ್ದೆಲ್ಲ ಬೈಗುಳವೇ. ತಲೆ ತಗ್ಗಿಸಿಕೊಂಡು, ಸಿಕ್ಕಿದ್ದನ್ನು ಹೇಳಿದೆ: “ಏನೇ, ಆ ಕಿಟಕಿ ತೆಗಿ. ಮಂಜು ಬಿದ್ದೈತೆ, ಗಾಡಿ ಸದ್ದು ಕೇಳಿಸ್ಬೇಕು.”

ಆಕೆ ಥಟ್ಟನೆ ಎದ್ದರು. ಕಿಟಕಿಯ ತನಕ ಹೋಗಿ ಚಿಲಕಕ್ಕೆ ಕೈ ಹಾಕಿ, ಅಲ್ಲೇ ನಿಂತರು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಮೂಗಿನಲ್ಲೇ ಮಾತಾಡ್ತಿದ್ರು ಕಣಪ್ಪ. ಎಷ್ಟ್ ಹೇಳಿದ್ರೂ ಒಂದ್ ದಿನ ಒಪ್ಪಲಿಲ್ಲ.”

ಹೇಳಿ, ಕಿಟಕಿ ತೆಗೆದರು.